ಸಿಂಕಿನ ಕೆಳಗೆ ಬಗ್ಗಿ ನೋಡಿದ್ದೀರಾ?

ಗೃಹಪ್ರವೇಶಕ್ಕೆ ಹೋದವರು ಹೊಸ ಮನೆಯಲ್ಲಿ ಏನೇನು ನೋಡ್ತಾರೆ ಅಂತ ಒಮ್ಮೆ ಗಮನಿಸಿ. ಗಂಡಸರು ಹಾಲ್‌ನ ಟೈಲ್ಸ್ ಮೇಲೆ ಕಾಲು ಉಜ್ಜಿ ನೋಡ್ತಾರೆ, ಬಾಗಿಲಿನ ಮರ ತಟ್ಟಿ ನೋಡ್ತಾರೆ. ಹೆಂಗಸರು ಸೀದಾ ಅಡುಗೆಮನೆಗೆ ಹೋಗ್ತಾರೆ. ಕಪ್ಪು ಗ್ರಾನೈಟ್ ಕಟ್ಟೆ, ಅದರೊಳಗೆ ಕೂರಿಸಿದ ಸ್ಟೀಲ್ ಸಿಂಕು, ಕೊಕ್ಕರೆ ಕತ್ತಿನ ಹಾಗೆ ಬಗ್ಗಿದ ನಲ್ಲಿ. ಒಬ್ಬರಾದರೂ ನಲ್ಲಿ ತಿರುಗಿಸಿ ನೀರು ಬಿಟ್ಟು ನೋಡ್ತಾರೆ. ಆ ನೀರು ಜಾಲಿಯೊಳಗೆ ಇಳಿದು ಎಲ್ಲಿಗೆ ಹೋಯ್ತು ಅಂತ ಬಗ್ಗಿ ನೋಡಿದವರನ್ನು ನಾನು ಈವರೆಗೆ ಕಂಡಿಲ್ಲ.

ಸಿಂಕಿನ ಕೆಳಗಿನ ಜಾಗ ಅಂದರೆ ಎಲ್ಲರ ಮನೆಯಲ್ಲೂ ಒಂದೇ. ಈರುಳ್ಳಿ ಬುಟ್ಟಿ, ಖಾಲಿ ಸಿಲಿಂಡರ್, ಮಡಚಿಟ್ಟ ಪ್ಲಾಸ್ಟಿಕ್ ಕವರ್‌ಗಳ ಗಂಟು. ಹಿಂದೆ ಕತ್ತಲಲ್ಲಿ ಬಿಳಿ ಬಣ್ಣದ, ಸುಕ್ಕು ಸುಕ್ಕಾದ ಒಂದು ಪೈಪು. ಅದು ಗೋಡೆಯೊಳಗೋ ನೆಲದೊಳಗೋ ಹೋಗಿ ಮಾಯವಾಗುತ್ತೆ. ಈ ಬರಹ ಆ ಪೈಪಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದು ಮಾಯವಾಗುವ ಜಾಗದಲ್ಲಿರುವ ಜಾಯಿಂಟಿನ ಬಗ್ಗೆ.

ನಮ್ಮ ತಿಪಟೂರು ಕಡೆ ನಾನು ಚಿಕ್ಕವಳಿದ್ದಾಗ ಪಾತ್ರೆ ತೊಳೆಯೋದು ಹಿತ್ತಿಲಲ್ಲಿ. ಒಂದು ಕಲ್ಲು ಚಪ್ಪಡಿ, ಪಕ್ಕದಲ್ಲಿ ಬೂದಿ ಡಬ್ಬ, ತೆಂಗಿನ ನಾರು. ತೊಳೆದ ನೀರು ತಾನೇ ಹರಿದು ಬಾಳೆ ಬುಡಕ್ಕೆ, ಕೆಸುವಿನ ಗಿಡಕ್ಕೆ ಹೋಗೋದು. ಪೈಪೂ ಇರಲಿಲ್ಲ, ಜಾಯಿಂಟೂ ಇರಲಿಲ್ಲ. ಹಾಗಾಗಿ ಕೆಡೋಕೆ ಏನೂ ಇರಲಿಲ್ಲ, ಹೆಂಗಸರ ಸೊಂಟ ಬಿಟ್ಟರೆ. ನಿಂತುಕೊಂಡು ಪಾತ್ರೆ ತೊಳೆಯೋ ಸಿಂಕು ಬಂದಾಗ ನಮ್ಮ ಅಮ್ಮಂದಿರಿಗೆ ಆದ ಖುಷಿ ಸಣ್ಣದಲ್ಲ, ಅದನ್ನು ನಾನು ಲೇವಡಿ ಮಾಡೋದಿಲ್ಲ. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾದ ಮೇಲೆ ಮನೆ ಮನೆಗೆ ನಲ್ಲಿ ಅಂತ ಬಂತು. ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕು ಅನ್ನೋದು ಅದರ ಗುರಿ. ಒಳಗೆ ಬಂದ ನೀರಿನ ಬಹುಪಾಲು ಹೊರಗೂ ಹೋಗಬೇಕಲ್ಲ. ಒಳಗೆ ಬರುವ ಪೈಪಿಗೆ ಉದ್ಘಾಟನೆ, ಟೇಪು, ಫೋಟೋ ಎಲ್ಲ ಆಗುತ್ತೆ. ಹೊರಗೆ ಹೋಗುವ ಪೈಪಿಗೆ ಅವೇನೂ ಇಲ್ಲ.

ನನ್ನ ಚಿಕ್ಕಮ್ಮ ಮನೆ ಕಟ್ಟಿಸಿ ಮೂರು ವರ್ಷ. ಒಳ್ಳೆ ಮನೆ, ಗಾಳಿ ಬೆಳಕು ಚೆನ್ನಾಗಿದೆ. ಆದರೆ ಮೊದಲ ಮಳೆಗಾಲದಿಂದಲೇ ಅಡುಗೆಮನೆಯಲ್ಲಿ ಒಂದು ವಾಸನೆ. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಹೊಡೆಯೋದು, ಒಲೆ ಹಚ್ಚಿ ಒಗ್ಗರಣೆ ಹಾಕಿದ ಮೇಲೆ ಕಡಿಮೆ ಅನ್ನಿಸೋದು, ಮಧ್ಯಾಹ್ನ ಮತ್ತೆ. ಮೊದಲು ಇಲಿ ಸತ್ತಿದೆ ಅಂದುಕೊಂಡು ಅಟ್ಟ ಎಲ್ಲ ಕೆಳಗಿಳಿಸಿದರು. ಆಮೇಲೆ ಫಿನಾಯಿಲ್ ಸುರಿದರು, ಬಿಸಿನೀರು ಸುರಿದರು, ನಿಂಬೆಸಿಪ್ಪೆ ಹಾಕಿದರು. ಚಿಕ್ಕಮ್ಮನ ಅತ್ತೆ ಒಂದು ದಿನ ಊಟಕ್ಕೆ ಕೂತವರು ತಟ್ಟೆ ಎತ್ತಿಕೊಂಡು ಜಗುಲಿಗೆ ಹೋದರು. ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಚಿಕ್ಕಮ್ಮನಿಗೆ ಹೆಚ್ಚು ಚುಚ್ಚಿತು.

ಮಗಳ ಸೀಮಂತಕ್ಕೆ ಬಂದ ಬೀಗರ ಕಡೆಯ ಹೆಂಗಸೊಬ್ಬರು ಅಡುಗೆಮನೆಗೆ ಬಂದು ಸೆರಗನ್ನು ಮೂಗಿಗೆ ಹಿಡಿದರಂತೆ. "ನಾನು ದಿನಕ್ಕೆ ಎರಡು ಸಲ ನೆಲ ಒರೆಸ್ತೀನಿ ಮಗ, ಇನ್ನೇನ್ ಮಾಡ್ಲಿ ಹೇಳು" ಅಂತ ನನ್ನ ಹತ್ತಿರ ಹೇಳುವಾಗ ಚಿಕ್ಕಮ್ಮನ ಗಂಟಲು ಕಟ್ಟಿತ್ತು. ನಮ್ಮ ಊರುಗಳಲ್ಲಿ ಅಡುಗೆಮನೆ ನಾರಿದರೆ ಜನ ಮೇಸ್ತ್ರಿಯನ್ನು ಬೈಯೋದಿಲ್ಲ, ಪ್ಲಂಬರನ್ನು ಬೈಯೋದಿಲ್ಲ. ಆ ಮನೆ ಹೆಂಗಸು ಗಲೀಜು ಅಂತಾರೆ, ಅಷ್ಟೇ.

ನಾನು ಹೋದಾಗ ಸಿಂಕಿನ ಜಾಲಿ ಮೇಲೆ ಒಂದು ಒದ್ದೆ ಬಟ್ಟೆ, ಅದರ ಮೇಲೆ ಖಾರ ಅರೆಯೋ ಗುಂಡುಕಲ್ಲು ಇಟ್ಟಿದ್ದರು. ರಾತ್ರಿ ಹೊತ್ತು ಹಾಗಿಟ್ಟರೆ ಬೆಳಗ್ಗೆ ವಾಸನೆ ಕಡಿಮೆ ಇರುತ್ತೆ ಅಂತ ಅವರೇ ಕಂಡುಕೊಂಡಿದ್ದರು. ವಾಸನೆ ಬರ್ತಿರೋದು ಎಲ್ಲಿಂದ ಅನ್ನೋದು ಚಿಕ್ಕಮ್ಮನಿಗೆ ಗೊತ್ತಾಗಿಬಿಟ್ಟಿತ್ತು. ಎರಡು ವರ್ಷದಿಂದ ಹೇಳ್ತಾನೂ ಇದ್ದರು. ಚಿಕ್ಕಪ್ಪ ನಲ್ಲಿ ಬಿಟ್ಟು ನೋಡಿ, ನೀರು ಸರಾಗ ಹೋಗ್ತಿದೆಯಲ್ಲ ಅಂದು ಸುಮ್ಮನಾಗಿದ್ದರು.

ಈರುಳ್ಳಿ ಬುಟ್ಟಿ ಎಳೆದು ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಕಂಡದ್ದು ಇಷ್ಟು. ಸಿಂಕಿನ ಜಾಲಿ ಕೆಳಗೆ ಕಪ್ಲಿಂಗ್, ಅದಕ್ಕೆ ಸುಕ್ಕುಪೈಪು, ಅದರ ಇನ್ನೊಂದು ತುದಿ ನೆಲದಿಂದ ಮೇಲೆ ಬಂದಿದ್ದ ದಪ್ಪ ಪೈಪಿನೊಳಗೆ ಸುಮ್ಮನೆ ತುರುಕಿತ್ತು. ಸುತ್ತ ಉಳಿದ ಸಂದಿಗೆ ಹಳೇ ಬಟ್ಟೆ ಗಿಡಿದು ಮೇಲೆ ಬಿಳಿ ಸಿಮೆಂಟ್ ಮೆತ್ತಿದ್ದರು. ಸಿಮೆಂಟ್ ಬಿರುಕು ಬಿಟ್ಟು ಒಂದು ಕಡೆ ಉದುರಿತ್ತು. ನೆಲದ ಪೈಪು ಹೊರಗೆ ಹೋಗಿ ಕಕ್ಕಸಿನ ನಾಲ್ಕಿಂಚು ಪೈಪಿಗೆ ಸೇರಿ ಸೆಪ್ಟಿಕ್ ಟ್ಯಾಂಕಿಗೆ ಇಳಿಯುತ್ತೆ. ನಡುವೆ ಎಲ್ಲೂ ಒಂದು ಬಾಗು ಇಲ್ಲ, ನೀರು ನಿಲ್ಲೋ ಜಾಗ ಇಲ್ಲ. ಅಂದರೆ ಸೆಪ್ಟಿಕ್ ಟ್ಯಾಂಕಿಗೂ ಅನ್ನದ ಪಾತ್ರೆಗೂ ನಡುವೆ ಇದ್ದದ್ದು ಒಂದು ಹಳೇ ಬನಿಯನ್ ಚೂರು ಮತ್ತು ಚಿಕ್ಕಮ್ಮನ ಗುಂಡುಕಲ್ಲು.

ಇಲ್ಲಿ ಇರಬೇಕಾಗಿದ್ದ ಸಾಮಾನಿನ ಹೆಸರು ಟ್ರ್ಯಾಪ್. ಹೆಸರು ಕೇಳಿ ಹೆದರಬೇಡಿ, ಅದು ಬಗ್ಗಿದ ಪೈಪು ಅಷ್ಟೇ. ನೀರು ಇಳಿದು, ಮತ್ತೆ ಸ್ವಲ್ಪ ಮೇಲೆ ಹತ್ತಿ, ಆಮೇಲೆ ಮುಂದೆ ಹೋಗುವ ಹಾಗೆ ಬಾಗಿಸಿರ್ತಾರೆ. ನಲ್ಲಿ ನಿಲ್ಲಿಸಿದ ಮೇಲೂ ಆ ಬಾಗಿನಲ್ಲಿ ಒಂದಿಷ್ಟು ನೀರು ಉಳಿಯುತ್ತೆ. ಆ ನೀರೇ ಬಾಗಿಲು. ಕೆಳಗಿನ ಗಾಳಿ, ಜಿರಳೆ, ವಾಸನೆ ಯಾವುದೂ ಆ ನೀರನ್ನು ದಾಟಿ ಮೇಲೆ ಬರೋದಿಲ್ಲ. 50 ಮಿಲಿಮೀಟರ್ ಆಳದ ನೀರು ನಿಲ್ಲಬೇಕು, ಅಂದರೆ ಹತ್ತಿರ ಹತ್ತಿರ ಮೂರು ಬೆರಳಗಲ. ಬಾಗಿದ ಪೈಪಿನಲ್ಲಿ ನೀರು ನಿಲ್ಲಿಸೋ ಈ ಉಪಾಯಕ್ಕೆ 1775ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ತೆಗೆದುಕೊಂಡವರು ಅಲೆಕ್ಸಾಂಡರ್ ಕಮ್ಮಿಂಗ್. ಅವರು ಗಡಿಯಾರ ಮಾಡುವ ಕಸುಬಿನವರು. ಅವರು ಮಾಡಿದ್ದು ಕಕ್ಕಸಿಗೆ, ಆಮೇಲೆ ಅದು ಸಿಂಕಿಗೂ ಬಂತು. ಎರಡೂವರೆ ಶತಮಾನ ಹಳೆಯ ವಿಚಾರ ಇದು. ತಿಪಟೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನೂರೈವತ್ತು ಇನ್ನೂರು ರೂಪಾಯಿಗೆ ನೇತುಹಾಕಿರುತ್ತೆ.

ಇದನ್ನು ಹಾಕಲೇಬೇಕು ಅಂತ ನಿಯಮ ಇದೆಯಾ? ಇದೆ. ನಮ್ಮ ದೇಶದಲ್ಲಿ ಕಟ್ಟಡಗಳಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದಿದೆ. ಭಾರತೀಯ ಮಾನಕ ಬ್ಯೂರೋ ಹೊರತರುತ್ತೆ. ಅದೇ, ಐಎಸ್‌ಐ ಗುರುತು ಕೊಡುವವರು. ಮೊದಲು ಬಂದದ್ದು 1970ರಲ್ಲಿ, ಆಮೇಲೆ 1983, 2005, 2016ರಲ್ಲಿ ತಿದ್ದಿದ್ದಾರೆ. ನೀರು ಮತ್ತು ಚರಂಡಿ ಕೆಲಸದ ವಿಷಯ ಅದರ 9ನೇ ಭಾಗದಲ್ಲಿದೆ. ಸಿಂಕಿನ ಬಗ್ಗೆ ಅದು ಹೇಳೋದರ ತಿರುಳು ಹೀಗಿದೆ. ನೀರು ಹೊರಗೆ ಒಯ್ಯುವ ಪೈಪು 32ರಿಂದ 50 ಮಿಲಿಮೀಟರ್ ಇರಬೇಕು. ಸಿಂಕಿನ ಕೆಳಗೇ, ಬೇರೆಲ್ಲೋ ದೂರದಲ್ಲಲ್ಲ, ಟ್ರ್ಯಾಪ್ ಇರಬೇಕು. ಅದನ್ನು ಬಿಚ್ಚಿ ನೋಡೋಕೆ, ತೊಳೆಯೋಕೆ ಅನುಕೂಲ ಇರಬೇಕು. ಟ್ರ್ಯಾಪಿನ ನೀರು ಉಳಿಯೋಕೆ ಗಾಳಿ ಪೈಪು ಬೇಕಾದ ಕಡೆ ಅದನ್ನೂ ಹಾಕಬೇಕು. ಮನೆಯಿಂದ ಹೊರಗೆ ಬಂದ ಪೈಪು ಗಲ್ಲಿ ಟ್ರ್ಯಾಪ್ ಅನ್ನೋ ಸಣ್ಣ ಗುಂಡಿಯಲ್ಲಿ, ಅದರ ಜಾಲರಿಯ ಕೆಳಗೆ ಆದರೆ ನಿಂತ ನೀರಿಗಿಂತ ಮೇಲೆ, ಬಾಯಿ ಬಿಡಬೇಕು.

ಇಷ್ಟನ್ನು ನಾನು ಓದಿದ್ದು ಇಂಗ್ಲಿಷಿನಲ್ಲಿ. ಹಳ್ಳಿಯ ಪ್ಲಂಬರ್ ಕೈಗೆ ಕೊಡುವ ಹಾಗೆ ಇದು ಕನ್ನಡದಲ್ಲಿ ಸಿಕ್ಕಿದ್ದು ನಾನು ನೋಡಿಲ್ಲ. ಇನ್ನೊಂದು ಮಾತು, ಈ ಸಂಹಿತೆ ತಾನಾಗಿಯೇ ಕಾನೂನಲ್ಲ. ಅದು ಸಲಹೆ. ನಗರಸಭೆಯೋ ಪಾಲಿಕೆಯೋ ತನ್ನ ಕಟ್ಟಡ ನಿಯಮದಲ್ಲಿ ಸೇರಿಸಿಕೊಂಡಾಗ ಮಾತ್ರ ಅದಕ್ಕೆ ಹಲ್ಲು ಬರುತ್ತೆ. ನಮ್ಮೂರಿನಲ್ಲಿ ಮನೆ ಕಟ್ಟುವಾಗ ಸಿಂಕಿನ ಕೆಳಗೆ ಬಗ್ಗಿ ನೋಡೋಕೆ ಯಾವ ಅಧಿಕಾರಿಯೂ ಬರೋದಿಲ್ಲ. ಬಂದು ಬಗ್ಗಬೇಕಾದವರು ನಾವೇ.

ಚಿಕ್ಕಪ್ಪ ಪ್ಲಂಬರನ್ನು ಕರೆಸಿದರು. ಪಕ್ಕದ ಊರಿನ ಹುಡುಗ, ನನಗಿಂತ ಎರಡು ವರ್ಷ ಚಿಕ್ಕವನು. ಬರ್ತಾನೇ ಸ್ವಲ್ಪ ಮುನಿಸಿಕೊಂಡೇ ಬಂದಿದ್ದ. "ನೀರೇನಾದ್ರೂ ಸೋರ್ತಿದೆಯಾಕ್ಕ? ಸೋರ್ತಿಲ್ಲ ತಾನೆ? ಮತ್ತೆ ಜಾಯಿಂಟ್ ಸರಿ ಇದೆ ಅಂತಾಯ್ತಲ್ಲ" ಅಂದ.

ಈ ಮಾತಿನ ಮೇಲೆ ನಾನು ಬಹಳ ಯೋಚನೆ ಮಾಡಿದ್ದೇನೆ, ಯಾಕೆಂದರೆ ಎಲ್ಲ ತೊಂದರೆಯ ಬೇರು ಇಲ್ಲೇ ಇದೆ. ನಲ್ಲಿಗೆ ನೀರು ತರುವ ಪೈಪಿನಲ್ಲಿ ಒತ್ತಡ ಇರುತ್ತೆ. ಅದರ ಜಾಯಿಂಟ್ ಸ್ವಲ್ಪ ಸಡಿಲವಾದರೂ ಚಿಮ್ಮುತ್ತೆ, ನಾವು ತಕ್ಷಣ ಕೂಗಾಡ್ತೀವಿ. ಸಿಂಕಿನಿಂದ ಹೋಗುವ ಪೈಪಿನಲ್ಲಿ ಒತ್ತಡ ಇಲ್ಲ. ನೀರು ತನ್ನ ಪಾಡಿಗೆ ಕೆಳಗೆ ಇಳಿಯುತ್ತೆ. ಒಂದು ಪೈಪನ್ನು ಇನ್ನೊಂದರ ಬಾಯೊಳಗೆ ಸುಮ್ಮನೆ ಇಟ್ಟರೂ ಒಂದು ಹನಿ ಹೊರಗೆ ಬರೋದಿಲ್ಲ. ಆದರೆ ಅದೇ ಸಂದಿಯಿಂದ ಗಾಳಿ ಮೇಲೆ ಬರುತ್ತೆ. ನೀರು ಸೋರದ ಜಾಯಿಂಟ್ ಗಾಳಿ ಸೋರಬಹುದು. ಗಾಳಿ ಕಣ್ಣಿಗೆ ಕಾಣೋದಿಲ್ಲ, ಗೋಡೆ ಒದ್ದೆ ಮಾಡೋದಿಲ್ಲ. ಕೆಲಸ ಮುಗಿಸಿ ಕೂಲಿ ತೆಗೆದುಕೊಂಡು ಹೋದವನಿಗೆ ಅದು ತಿಳಿಯೋದೇ ಇಲ್ಲ, ದಿನಕ್ಕೆ ಮೂರು ಹೊತ್ತು ಅಲ್ಲಿ ನಿಲ್ಲುವವಳಿಗೆ ಮಾತ್ರ ತಿಳಿಯುತ್ತೆ.

ಹಾಗಾಗಿಯೇ ಟ್ರ್ಯಾಪಿನ ಮುಂಚಿನ ಜಾಯಿಂಟಿಗೂ ಆಮೇಲಿನ ಜಾಯಿಂಟಿಗೂ ವ್ಯತ್ಯಾಸ ಮಾಡಬೇಕು. ಸಿಂಕಿನಿಂದ ಟ್ರ್ಯಾಪಿನವರೆಗೆ ಕೈಯಲ್ಲಿ ತಿರುಗಿಸಿ ಬಿಚ್ಚುವ ನಟ್ಟು, ವಾಷರ್ ಇರೋದು ಒಳ್ಳೆಯದು, ತೊಳೆಯೋಕೆ ಬೇಕಲ್ಲ. ಅಲ್ಲಿ ಸೋರಿದರೆ ನೀರು ತೊಟ್ಟಿಕ್ಕುತ್ತೆ, ಕಾಣುತ್ತೆ. ಟ್ರ್ಯಾಪ್ ದಾಟಿದ ಮೇಲೆ ಗೋಡೆಯೊಳಗೆ, ನೆಲದೊಳಗೆ ಹೋಗುವ ಜಾಯಿಂಟೆಲ್ಲ ಪಕ್ಕಾ ಇರಬೇಕು, ಅಂಟಿಸಿದ್ದು ಮತ್ತೆ ಬಿಡದ ಹಾಗೆ. ಅಮೆರಿಕದ ಪ್ಲಂಬಿಂಗ್ ನಿಯಮಗಳಲ್ಲಿ ಇದನ್ನು ಬಿಡಿಸಿ ಬರೆದೇ ಇಟ್ಟಿದ್ದಾರೆ, ನಟ್ಟು ವಾಷರ್ ಜಾಯಿಂಟ್ ಟ್ರ್ಯಾಪಿನ ಆಸುಪಾಸು ಕೈಗೆ ಸಿಗುವ ಕಡೆ ಮಾತ್ರ ಅಂತ. ನಮ್ಮ ಸುಕ್ಕುಪೈಪನ್ನೂ ಅಲ್ಲಿ ಒಪ್ಪೋದಿಲ್ಲ, ಪೈಪಿನ ಒಳಗೋಡೆ ನುಣುಪಾಗಿರಬೇಕು ಅನ್ನೋದು ಅವರ ಪಟ್ಟು. ಅವರು ಮಾಡಿದ್ದೆಲ್ಲ ನಾವು ಮಾಡಬೇಕಿಲ್ಲ. ಆದರೆ ಮುದ್ದೆ ಮಾಡಿದ ಪಾತ್ರೆ ತೊಳೆದ ನೀರು ಆ ಸುಕ್ಕುಗಳಲ್ಲಿ ಕೂತು ಗಟ್ಟಿಯಾಗೋದನ್ನು ಒಮ್ಮೆ ಬಿಚ್ಚಿ ನೋಡಿದವರಿಗೆ ಈ ಪಟ್ಟು ಅತಿ ಅನ್ನಿಸೋದಿಲ್ಲ. ರಾಗಿ ಅಂಬಲಿಯ ಮೇಲೆ ಎಣ್ಣೆ ಜಿಡ್ಡು, ಅದರ ಮೇಲೆ ಅನ್ನದ ಅಗುಳು. ಒಳ್ಳೆ ಗಾರೆ ಇದ್ದ ಹಾಗೆ ಕೂತಿರುತ್ತೆ.

ಹುಡುಗ ಮುನಿಸು ಇಳಿದ ಮೇಲೆ ನಿಜ ಹೇಳಿದ. ಅವನು ಎರಡು ವರ್ಷ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕೆಲಸ ಮಾಡಿ ಬಂದವನು. ಟ್ರ್ಯಾಪ್ ಗೊತ್ತಿಲ್ಲದವನಲ್ಲ. "ಅಲ್ಲಿ ಡ್ರಾಯಿಂಗ್ ಇರ್ತಿತ್ತು, ಸೂಪರ್‌ವೈಸರ್ ಇರ್ತಿದ್ರು, ಹಾಕ್ತಿದ್ವಿ. ಇಲ್ಲಿ ಬಾಗು ಹಾಕೋಕೆ ಹೋದ್ರೆ ಮನೆಯವರೇ ಬೇಡ ಅಂತಾರಕ್ಕ. ಅದ್ಯಾಕ್ ಬಗ್ಗಿಸ್ತೀಯ, ಕಟ್ಕೊಳ್ಳುತ್ತೆ, ನೇರ ಬಿಡು ಅಂತಾರೆ. ಅಣ್ಣಾವ್ರೂ ಹಂಗೇ ಅಂದಿದ್ದು" ಅಂತ ಚಿಕ್ಕಪ್ಪನ ಕಡೆ ನೋಡಿದ. ಚಿಕ್ಕಪ್ಪ ತೆಂಗಿನ ಮರದ ಕಡೆ ನೋಡಿದರು.

ನೇರ ಬಿಟ್ಟರೆ ಒಳ್ಳೆಯದು ಅನ್ನೋ ನಂಬಿಕೆ ನಮ್ಮಲ್ಲಿ ಬಲವಾಗಿದೆ, ತೋಟದ ಪೈಪ್ ಹಾಕಿ ಬಂದ ಬುದ್ಧಿ ಅದು. ತೋಟಕ್ಕೆ ನೀರು ಬಿಡೋಕೆ ಬಾಗು ಕಡಿಮೆ ಇದ್ದಷ್ಟೂ ಒಳ್ಳೆಯದೇ. ಮನೆಯ ಚರಂಡಿ ಪೈಪಿಗೆ ಆ ಲೆಕ್ಕ ನಡೆಯೋದಿಲ್ಲ. ಹಾಗೇ ಪೈಪಿನ ವಿಷಯದಲ್ಲೂ. ಮನೆ ಕಟ್ಟುವಾಗ ಬೋರ್‌ವೆಲ್ಲಿಗೆ ತಂದು ಉಳಿದ ಪೈಪಿನ ತುಂಡುಗಳು ಇರ್ತವೆ, ಅದನ್ನೇ ಹಾಕು ಅಂತೀವಿ. ಚಿಕ್ಕಮ್ಮನ ಮನೆ ನೆಲದಲ್ಲಿ ಇದ್ದದ್ದು ತೋಟದ 63 ಮಿಲಿಮೀಟರ್ ಪೈಪು. ಅದನ್ನೂ ಎರಡಿಂಚು ಅಂತೀವಿ, ಚರಂಡಿ ಕೆಲಸದ 50 ಮಿಲಿಮೀಟರ್ ಪೈಪನ್ನೂ ಎರಡಿಂಚು ಅಂತೀವಿ. ಎರಡೂ ಎರಡಿಂಚೇ, ಆದರೆ ಒಂದಕ್ಕೊಂದು ಕೂರೋದಿಲ್ಲ. ಕೂರದ ಕಡೆ ಬಟ್ಟೆ ಗಿಡೀತಾರೆ, ಸೈಕಲ್ ಟ್ಯೂಬ್ ಸುತ್ತುತಾರೆ, ಎಂ-ಸೀಲ್ ಮೆತ್ತುತಾರೆ. ಒಂದಕ್ಕೊಂದು ಕೂರಿಸೋಕೆ ರೆಡ್ಯೂಸರ್ ಅಂತ ಸಣ್ಣ ಸಾಮಾನು ಬರುತ್ತೆ. ಬೆಲೆ ಹೇಳಿದರೆ ನಗ್ತೀರಿ, ಎರಡು ಕಾಫಿಯಷ್ಟು.

ಅಂಗಡಿಗೆ ಹೋದಾಗ ಪೈಪಿನ ಮೈಮೇಲೆ ಬರೆದಿರೋದನ್ನು ಓದಿ. ಅದು ಜಾಹೀರಾತಲ್ಲ. ಕುಡಿಯುವ ನೀರಿನ ಪಿವಿಸಿ ಪೈಪಿಗೆ ಐಎಸ್ 4985 ಅಂತ ಇರುತ್ತೆ. ಕಕ್ಕಸು, ಸಿಂಕು, ಬಚ್ಚಲಿನ ಪೈಪಿಗೆ ಐಎಸ್ 13592. ಅದರಲ್ಲೇ ಎರಡು ಬಗೆ, ಟೈಪ್ ಎ ಅಂದರೆ ಮಳೆನೀರಿಗೆ ಮತ್ತು ಗಾಳಿ ಪೈಪಿಗೆ, ಟೈಪ್ ಬಿ ಅಂದರೆ ಕೊಳೆ ನೀರಿಗೆ. ಟೈಪ್ ಎ ತೆಳು, ಅಗ್ಗ. ಬಿಲ್ಲಿನಲ್ಲಿ ಬರೀ ನಾಲ್ಕಿಂಚು ಪೈಪ್ ಅಂತ ಬರೆದರೆ ಯಾವುದು ಬಂದಿದೆ ಅಂತ ತಿಳಿಯೋದಿಲ್ಲ, ಪೈಪ್ ಮೇಲಿನ ಅಕ್ಷರ ನೋಡಬೇಕು.

ಇನ್ನೊಂದು ಅಭ್ಯಾಸ ನಮ್ಮ ಕಡೆ ಬಿಡಿಸಲೇಬೇಕು ಅನ್ನಿಸಿದೆ. ಎರಡು ಪೈಪು ಸೇರಿಸೋಕೆ ಕಪ್ಲರ್ ತರೋ ಬದಲು ಒಂದು ಪೈಪಿನ ತುದಿಯನ್ನು ಒಣ ತೆಂಗಿನ ಗರಿ ಬೆಂಕಿಗೆ ಹಿಡಿದು, ಮೆತ್ತಗಾದ ಮೇಲೆ ಇನ್ನೊಂದನ್ನು ತುರುಕೋದು. ಹುಡುಗರಿದ್ದಾಗ ನಾವೂ ಸುತ್ತ ನಿಂತು ನೋಡಿದ್ದೇವೆ, ಮ್ಯಾಜಿಕ್ ಇದ್ದ ಹಾಗೆ ಇರುತ್ತೆ. ಬೆಂಕಿಗೆ ಹಿಡಿದಾಗ ಪೈಪಿನ ಗೋಡೆ ಒಂದು ಕಡೆ ಹಿಗ್ಗಿ ತೆಳ್ಳಗಾಗುತ್ತೆ, ಒಂದು ಕಡೆ ಕರಕಲಾಗುತ್ತೆ, ಬಾಯಿ ಗುಂಡಗೆ ಬರೋದಿಲ್ಲ. ಗುಂಡಗಿಲ್ಲದ ಬಾಯಿಗೆ ಅಂಟು ಹಿಡಿಯೋದಿಲ್ಲ. ಜೊತೆಗೆ ಪಿವಿಸಿ ಹೊತ್ತಿದ ಹೊಗೆ ಕುಡಿಯೋದು ಬೇರೆ.

ಅಂಟು ಅಂದೆ, ಆದರೆ ಅದು ಅಂಟಲ್ಲ. ಸಾಲ್ವೆಂಟ್ ಸಿಮೆಂಟ್ ಪಿವಿಸಿಯ ಮೈಯನ್ನೇ ಕರಗಿಸುತ್ತೆ. ಎರಡು ಮೈ ಕರಗಿ ಒಂದಾಗಿ ಗಟ್ಟಿಯಾಗುತ್ತೆ, ಬೆಸುಗೆ ಹಾಕಿದ ಹಾಗೆ. ಆದ್ದರಿಂದ ಪೈಪನ್ನು ನೇರ ಕತ್ತರಿಸಿ, ಗರಗಸದ ಚೂರು ಉಜ್ಜಿ ತೆಗೆದು, ಮಣ್ಣು ಎಣ್ಣೆ ಒರೆಸಿ, ಒಣಗಿದ ಮೇಲೆ ಎರಡೂ ಕಡೆ ಹಚ್ಚಿ, ಪೂರ್ತಿ ಒಳಗೆ ಹೋಗೋ ಹಾಗೆ ಸ್ವಲ್ಪ ತಿರುಗಿಸಿ ಒತ್ತಿ, ಅರ್ಧ ನಿಮಿಷ ಕೈ ಬಿಡದೆ ಹಿಡಿಯಬೇಕು. ಕೈ ಬಿಟ್ಟರೆ ಪೈಪು ಹಿಂದಕ್ಕೆ ಜಾರುತ್ತೆ. ಒಣಗಿದ ಜಾಯಿಂಟಿನ ಮೇಲಿಂದ ಹಚ್ಚಿದರೆ ಏನೂ ಉಪಯೋಗ ಇಲ್ಲ, ಆದರೆ ಎಲ್ಲರೂ ಹಾಗೇ ಮಾಡ್ತಾರೆ. ಗಾಯಕ್ಕೆ ಬಟ್ಟೆಯ ಮೇಲೆ ಔಷಧಿ ಹಚ್ಚಿದ ಹಾಗೆ.

ಚಿಕ್ಕಮ್ಮನ ಮನೆ ಕೆಲಸ ಅರ್ಧ ದಿನ ಹಿಡಿಯಿತು. ಬನಿಯನ್ ಚೂರು ತೆಗೆದ ಕೂಡಲೇ ವಾಸನೆ ನುಗ್ಗಿ ಎಲ್ಲರೂ ಹೊರಗೆ ಓಡಿದೆವು. ಚಿಕ್ಕಪ್ಪ ಮೊದಲು ಓಡಿದರು, ಇದನ್ನು ಚಿಕ್ಕಮ್ಮ ಈಗಲೂ ಹೇಳಿ ನಗ್ತಾರೆ. ಸುಕ್ಕುಪೈಪು ಕಿತ್ತು, ಪಿ ಆಕಾರದ ಟ್ರ್ಯಾಪ್ ಹಾಕಿದ. ಬಾಟಲ್ ಟ್ರ್ಯಾಪ್ ಅಂತ ಇನ್ನೊಂದು ಬರುತ್ತೆ, ನೋಡೋಕೆ ಚೆಂದ, ಕೈ ತೊಳೆಯೋ ಬೇಸಿನ್ನಿಗೆ ಸರಿ. ಅಡುಗೆ ಸಿಂಕಿಗೆ ಅದರಲ್ಲಿ ಜಿಡ್ಡು ಬೇಗ ಕಟ್ಟುತ್ತೆ. ಟ್ರ್ಯಾಪಿನಿಂದ ಮುಂದಕ್ಕೆ 50 ಮಿಲಿಮೀಟರ್ ಪೈಪು, ಅಡಿಗೆ ಕಾಲು ಇಂಚು ಇಳಿಜಾರು. ಇಳಿಜಾರು ಕಡಿಮೆಯಾದರೆ ಗಷ್ಟು ತಳದಲ್ಲಿ ಕೂರುತ್ತೆ, ಹಿಂದಕ್ಕೆ ಏರಿದ್ದರಂತೂ ಯಾವ ಆಸಿಡ್ ಸುರಿದರೂ ಗುಣ ಆಗೋದಿಲ್ಲ. ನೆಲದ ಹಳೇ ಪೈಪಿಗೆ ಸೇರಿಸಲೇ ಇಲ್ಲ. ಅದರ ಬಾಯಿಗೆ ಮುಚ್ಚಳ ಅಂಟಿಸಿ ಬಂದ್ ಮಾಡಿದ. ಹೊಸ ಪೈಪನ್ನು ಗೋಡೆ ತೂತು ಮಾಡಿ ನೇರ ಹಿತ್ತಿಲಿಗೆ ತಂದೆವು.

ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿದೆವು. ಸಿಂಕಿನ ಬಾಯಿ ಮುಚ್ಚಿ ತುಂಬ ನೀರು ತುಂಬಿಸಿ ಒಮ್ಮೆಲೇ ಬಿಟ್ಟೆವು. ಕೊನೆಗೆ ಗುಳುಗುಳು ಅಂತ ಜೋರು ಸದ್ದು ಬಂದರೆ ಹುಷಾರಾಗಬೇಕು. ಪೈಪು ತುಂಬಿಕೊಂಡು ಇಳಿಯುವ ನೀರು ತನ್ನ ಹಿಂದೆ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗಿರಬಹುದು, ಡ್ರಮ್ಮಿನಿಂದ ಪೈಪ್ ಹಾಕಿ ಡೀಸೆಲ್ ಎಳೆಯೋ ಹಾಗೆ. ಹಾಗಾದರೆ ಬಾಗು ಇದ್ದರೂ ಬಾಗಿಲು ತೆರೆದೇ ಇರುತ್ತೆ. ಎಸ್ ಆಕಾರದ ಟ್ರ್ಯಾಪಿನಲ್ಲಿ ಈ ತೊಂದರೆ ಹೆಚ್ಚು, ಅದು ಬಾಗಿ ಮತ್ತೆ ನೇರ ಕೆಳಕ್ಕೆ ಧುಮುಕುತ್ತಲ್ಲ ಅದಕ್ಕೆ. ಸಂಹಿತೆ ಗಾಳಿ ಪೈಪಿನ ಮಾತು ಎತ್ತೋದು ಈ ಕಾರಣಕ್ಕೆ. ಇಲ್ಲಿ ಪೈಪು ಗಿಡ್ಡ, ಹೊರಗಿನ ತುದಿ ಗಲ್ಲಿ ಟ್ರ್ಯಾಪಿನಲ್ಲಿ ಗಾಳಿಗೆ ತೆರೆದಿದೆ, ಸದ್ದು ಬರಲಿಲ್ಲ. ಟಾರ್ಚ್ ಬಿಟ್ಟು ಜಾಲಿಯೊಳಗೆ ನೋಡಿದರೆ ನೀರು ಮಿನುಗ್ತಿತ್ತು.

ನೀರು ಎಳೆದುಕೊಂಡು ಹೋಗೋದು ಒಂದು, ಒಣಗಿ ಹೋಗೋದು ಇನ್ನೊಂದು. ನಮ್ಮೂರಿನಲ್ಲಿ ಈಗ ಬೀಗ ಹಾಕಿದ ಹೊಸ ಮನೆಗಳು ಬೇಕಾದಷ್ಟಿವೆ. ಮಕ್ಕಳು ಬೆಂಗಳೂರಿನಲ್ಲಿ, ಮನೆ ಯುಗಾದಿಗೆ, ಜಾತ್ರೆಗೆ ಬಾಗಿಲು ತೆಗೆಯುತ್ತೆ. ಬಾಗಿಲು ತೆಗೆದಾಗ ಬರುವ ಗಬ್ಬಿಗೆ ಮನೆ ಮುಚ್ಚಿದ್ದಕ್ಕೆ ಅಂತಾರೆ. ಹಲವು ಸಲ ಬಚ್ಚಲಿನ ನಾನಿ ಟ್ರ್ಯಾಪಿನ ನೀರು ಆರಿಹೋಗಿರುತ್ತೆ. ಇದು ಬರೀ ಮೂಗಿನ ತೊಂದರೆಯಲ್ಲ. 2003ರಲ್ಲಿ ಸಾರ್ಸ್ ಕಾಯಿಲೆ ಬಂದಾಗ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಅನ್ನೋ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ತನಿಖೆ ಮಾಡಿದವರು ಬೊಟ್ಟು ಮಾಡಿದ ಕಾರಣಗಳಲ್ಲಿ ಮುಖ್ಯವಾದದ್ದು ಸ್ನಾನದ ಮನೆಯ ನೆಲದಲ್ಲಿದ್ದ ಒಣಗಿದ ಟ್ರ್ಯಾಪುಗಳು. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಕೊಳೆ ಪೈಪಿನ ಗಾಳಿ, ಅದರಲ್ಲಿದ್ದ ಸಣ್ಣ ಹನಿಗಳ ಸಮೇತ, ಮನೆಯೊಳಗೆ ಬಂದಿತ್ತು. ಮೂರು ಬೆರಳಗಲ ನೀರು ಇಲ್ಲದೇ ಹೋದದ್ದಕ್ಕೆ ಒಂದು ಕಟ್ಟಡದ ಜನ ಆಸ್ಪತ್ರೆ ಸೇರಿದರು. ಬೀಗ ಹಾಕಿ ಹೋಗುವವರು ಪ್ರತಿ ಜಾಲಿಗೂ ಒಂದು ಚೊಂಬು ನೀರು ಸುರಿದು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ತೇಲಿ ನೀರು ಬೇಗ ಆರದ ಹಾಗೆ ತಡೆಯುತ್ತೆ.

ಹಿತ್ತಿಲಿಗೆ ಬಂದ ನೀರಿನ ಮಾತು ಉಳೀತು. ಸಿಂಕಿನ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡೋದು ಸುಲಭ ಅಂತ ಎಲ್ಲರೂ ಬಿಡ್ತಾರೆ. ದಿನವಿಡೀ ಸೋಪು ನೀರು, ಜಿಡ್ಡು ಸುರಿದರೆ ಟ್ಯಾಂಕಿನಲ್ಲಿ ಕಕ್ಕಸಿನ ಕೊಳೆ ತಳಕ್ಕೆ ಕೂರೋಕೆ ಸಮಯ ಸಿಗೋದಿಲ್ಲ, ಇಂಗುಗುಂಡಿ ಬೇಗ ಕಟ್ಟಿಕೊಳ್ಳುತ್ತೆ. ಆಮೇಲೆ ಅದನ್ನು ಬಗೆಯೋಕೆ ಯಾರನ್ನು ಕರೀತೀವಿ ಅನ್ನೋದು ನಮ್ಮೆಲ್ಲರಿಗೂ ಗೊತ್ತು. ಮನುಷ್ಯರನ್ನು ಮಲದ ಗುಂಡಿಗೆ ಇಳಿಸೋದನ್ನು 2013ರ ಕಾನೂನು ನಿಷೇಧಿಸಿದೆ. ಕಾನೂನು ಇದ್ದೂ ಇಳಿಯುವವರು ಯಾವ ಕೇರಿಯವರು ಅಂತಲೂ ಗೊತ್ತು. ನಮ್ಮ ಒಂದು ಸೋಮಾರಿ ಜಾಯಿಂಟಿನ ಭಾರ ಕೊನೆಗೆ ಯಾರ ತಲೆ ಮೇಲೆ ಬೀಳುತ್ತೆ ಅಂತ ಲೆಕ್ಕ ಹಾಕಿದರೆ ಇನ್ನೂರು ರೂಪಾಯಿ ಉಳಿಸಿದ್ದು ಉಳಿತಾಯ ಅನ್ನಿಸೋದಿಲ್ಲ.

ಚಿಕ್ಕಮ್ಮನ ಹಿತ್ತಿಲಲ್ಲಿ ಗಲ್ಲಿ ಟ್ರ್ಯಾಪಿನ ಮುಂದೆ ಒಂದು ಸಣ್ಣ ಚೇಂಬರ್ ಕಟ್ಟಿಸಿದೆವು, ಜಿಡ್ಡು ಮೇಲೆ ತೇಲಿ ನಿಲ್ಲೋಕೆ. ಅಲ್ಲಿಂದ ನೀರು ಬಚ್ಚಲುಗುಂಡಿಗೆ, ಗುಂಡಿಯ ಸುತ್ತ ಬಾಳೆ. ನರೇಗಾದಲ್ಲಿ ಬಚ್ಚಲುಗುಂಡಿ ಮಾಡಿಸಿಕೊಂಡವರು ನಮ್ಮೂರಲ್ಲಿ ಹಲವರಿದ್ದಾರೆ, ಆದರೆ ಜಿಡ್ಡಿನ ಚೇಂಬರ್ ಇಲ್ಲದ ಗುಂಡಿಗಳು ಎರಡೇ ಮಳೆಗಾಲಕ್ಕೆ ಕಟ್ಟಿಕೊಂಡು ನೀರು ಮತ್ತೆ ರಸ್ತೆಗೆ ಬಂದಿವೆ. ಚೇಂಬರಿನ ಕೆನೆಯಂಥ ಜಿಡ್ಡನ್ನು ತಿಂಗಳಿಗೊಮ್ಮೆ ಹಳೇ ಸೌಟಿನಲ್ಲಿ ಎತ್ತಿ ಗೊಬ್ಬರದ ಗುಂಡಿಗೆ ಹಾಕಬೇಕು. ಈ ಕೆಲಸ ಚಿಕ್ಕಪ್ಪನದು ಅಂತ ಅತ್ತೆಯೇ ತೀರ್ಮಾನ ಮಾಡಿದ್ದಾರೆ. ಟ್ರ್ಯಾಪ್ ಬಿಚ್ಚಿ ತೊಳೆಯೋದನ್ನು ಚಿಕ್ಕಮ್ಮ ಕಲಿತರು, ಕೆಳಗೆ ಬಕೆಟ್ ಇಟ್ಟು ನಟ್ಟು ತಿರುಗಿಸಿದರೆ ಆಯ್ತು, ಸ್ಪ್ಯಾನರ್ ಬೇಡ. ಮೊದಲ ಸಲ ಬಿಚ್ಚಿದಾಗ ಮಗಳ ಮೂಗುಬೊಟ್ಟು ಸಿಕ್ಕಿತು. ಹಳೇ ಪೈಪಿನಲ್ಲಾಗಿದ್ದರೆ ಅದು ಸೆಪ್ಟಿಕ್ ಟ್ಯಾಂಕ್ ಸೇರಿರ್ತಿತ್ತು.

ಒಟ್ಟು ಖರ್ಚು ಚೇಂಬರ್, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ. ಅದರಲ್ಲಿ ಸಿಂಕಿನ ಕೆಳಗಿನ ಸಾಮಾನು ಒಂಬೈನೂರು ಚಿಲ್ಲರೆ. ಮನೆ ಕಟ್ಟುವಾಗಲೇ ಹಾಕಿದ್ದರೆ ಗೋಡೆ ಒಡೆಯೋ ಕೂಲಿ ಉಳೀತಿತ್ತು. ಗುಂಡುಕಲ್ಲು ಒರಳಿಗೆ ವಾಪಸ್ ಹೋಗಿದೆ. ಅತ್ತೆ ಒಳಗೆ ಕೂತು ಊಟ ಮಾಡ್ತಾರೆ, ಆ ವಿಷಯ ಯಾರೂ ಎತ್ತೋದಿಲ್ಲ.

ಪ್ಲಂಬರ್ ಹುಡುಗ ಈಗ ಪಕ್ಕದ ಬೀದಿಯಲ್ಲಿ ಒಂದು ಹೊಸ ಮನೆ ಕೆಲಸ ಹಿಡಿದಿದ್ದಾನೆ. ಹೋದ ವಾರ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಸಿಂಕು, ಅದರ ಕೆಳಗೆ ಪಿ ಟ್ರ್ಯಾಪ್, ಜಾಯಿಂಟೆಲ್ಲ ಅಚ್ಚುಕಟ್ಟು. ಆದರೆ ಅದರ ಮುಂದೆಯೇ ಸಿಲಿಂಡರ್ ಇಡೋಕೆ ಇಟ್ಟಿಗೆ ಗೂಡು ಕಟ್ಟಿಬಿಟ್ಟಿದ್ದಾರೆ, ಟ್ರ್ಯಾಪಿನ ನಟ್ಟಿಗೆ ಕೈ ಹೋಗೋದಿಲ್ಲ. ಅದನ್ನೇ ಬರೆದು ಕಳಿಸಿದೆ. ಸಂಜೆ ಹೊತ್ತಿಗೆ ಉತ್ತರ ಬಂತು: "ಆ ಮನೆ ಅಮ್ಮಾವ್ರಿಗೆ ತೋರಿಸ್ದೆ ಅಕ್ಕ. ಅವ್ರೇ ಬಗ್ಗಿ ನೋಡಿದ್ರು. ಗೂಡು ಒಡ್ಸಿ ಆ ಕಡೆ ಕಟ್ಟಿಸ್ತಾರಂತೆ."